ಕೆಂಡಪ್ಪನೆಂದು ಕರೆಸಿಕೊಂಡವರು

ಕೊಟ್ಟೂರಿನ ಬೇಸಿಗೆಯಲ್ಲಿ, ಕಾಗೆಗಳು ಕೂಡ ಬೇವಿನ ನೆರಳು ಬಿಟ್ಟು ಕದಲದ ನಡುಹಗಲಿನಲ್ಲಿ, ಕಂದು ಉಣ್ಣೆಯ ಕೋಟು ತೊಟ್ಟು, ಮಡಿಸಿದ ಕೊಡೆಯನ್ನು ಬಿಚ್ಚದೆ ಬಗಲಲ್ಲಿಟ್ಟುಕೊಂಡು, ಯಾರ ಮೇಲೋ ಮುನಿಸಿಕೊಂಡವರಂತೆ ಗೋಡೆಯಂಚಿಗೇ ನಡೆಯುವ ಮನುಷ್ಯ ಕಂಡರೆ ಅವರು ಶಿವಯೋಗಪ್ಪನವರೇ. ಬಿಸಿಲಿಗೆ ಕೊಡೆ ಬಿಚ್ಚುವುದೆಂದರೆ ಅವರ ಲೆಕ್ಕದಲ್ಲಿ ಸೂರ್ಯನಿಗೆ ಸೋತಂತೆ. ಜಿಲ್ಲೆಯ ಒಂದು ಸಣ್ಣ ಪತ್ರಿಕೆಯಲ್ಲಿ ಪ್ರತಿ ಸೋಮವಾರ ಅವರ ‘ಬೇವಿನ ಕಡ್ಡಿ’ ಅಂಕಣ ಬರುತ್ತಿತ್ತು. ಹಡಗಲಿಯಿಂದ ಕೂಡ್ಲಿಗಿಯವರೆಗೆ ಅವರಿಂದ ಬೈಸಿಕೊಳ್ಳದ ದೊಡ್ಡಮನುಷ್ಯರಿರಲಿಲ್ಲ. ಬೈಸಿಕೊಂಡವರು ಒಂದೆರಡು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ತಪ್ಪು ತಿದ್ದಿಕೊಳ್ಳುತ್ತಿದ್ದರು.

ಆಗ ನಾನು ಆ ಊರಿನ ಹೈಸ್ಕೂಲಿನಲ್ಲಿ ಕೆಲಸಕ್ಕಿದ್ದೆ, ಅವರ ಓಣಿಯಲ್ಲೇ ಬಾಡಿಗೆಗಿದ್ದೆ. ಅವರ ಮಾತೆಲ್ಲ “ಅಲ್ಲ, ನಾ ಕೇಳ್ತೀನಿ” ಎಂದೇ ಶುರುವಾಗುತ್ತಿತ್ತು, ಆದರೆ ಉತ್ತರ ಕೊಡಲು ಮಾತ್ರ ಯಾರಿಗೂ ಆಸ್ಪದವಿರಲಿಲ್ಲ. ಓಬಣ್ಣನ ಹೋಟೆಲಿನಲ್ಲಿ ನಿಂತುಕೊಂಡೇ ಮಂಡಕ್ಕಿ ಒಗ್ಗರಣೆ ತಿನ್ನುತ್ತ, “ಅಲ್ಲ, ನಾ ಕೇಳ್ತೀನಿ, ಇದೇನು ಮಿರ್ಚಿಯೋ, ಎಣ್ಣಿಯೊಳಗ ಅದ್ದಿದ ಬತ್ತಿಯೋ?” ಎಂದರೆ ಇಡೀ ಹೋಟೆಲು ಉಸಿರು ಬಿಗಿಹಿಡಿಯುತ್ತಿತ್ತು. ಮರುದಿನ ಬಾಣಲೆಗೆ ಹೊಸ ಎಣ್ಣೆ ಬಿದ್ದಿರುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಟಿವಿಯಲ್ಲಿ ‘ಕೆಂಡಪ್ಪನ ಅಂಕಣ’ ಎಂಬ ನಗೆ ಧಾರಾವಾಹಿ ಶುರುವಾಯಿತು. ಅದರ ನಾಯಕನೂ ಪತ್ರಿಕೆಗೆ ಬರೆಯುವ ಸಿಡುಕ, ಅವನ ಮೈಮೇಲೂ ಒಂದು ಕೋಟು. ಅವನು ಬೈದಾಗಲೆಲ್ಲ ಎಲ್ಲಿಂದಲೋ, ಕಾಣದ ಜನರ ನಗೆ ಉಕ್ಕಿ ಬರುತ್ತಿತ್ತು. ಬೆಂಗಳೂರಿನವರು ಇವರನ್ನು ನೋಡಿಯೇ ಅದನ್ನು ಮಾಡಿದ್ದಾರೆಂಬುದರಲ್ಲಿ ಊರಿಗೆ ಅನುಮಾನವಿರಲಿಲ್ಲ. ಹೆಮ್ಮೆಯಿಂದಲೇ ಇವರನ್ನು ಕೆಂಡಪ್ಪನೆಂದು ಕರೆದರು. ಇವರು ಬೈದರೆ ಟಿವಿಯೊಳಗಿನವರಂತೆಯೇ ಗೊಳ್ಳೆಂದು ನಕ್ಕರು. “ಇನ್ನೊಮ್ಮಿ ಬೈರಿ ಯಜಮಾನ್ರ, ನಮ್ಮ ಬೀಗರು ಬಂದಾರ, ಅವರೂ ಕೇಳ್ಲಿ” ಎಂದ ಓಬಣ್ಣ, ಹಳೆಯ ಎಣ್ಣೆಯಲ್ಲೇ ಮಿರ್ಚಿ ಬಿಡುತ್ತ.

“ನಗ್ತಾರಲ್ರೀ,” ಎಂದು ಒಂದು ದಿನ ಶಿವಯೋಗಪ್ಪನವರು ನನ್ನೆದುರು ಅಂದರು, ಅಷ್ಟೇ. ಅವರ ಮಾತು ‘ನಾ ಕೇಳ್ತೀನಿ’ ಇಲ್ಲದೆ ಶುರುವಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವರಿಗೆ ಆ ದಿನಗಳಲ್ಲಿ ಬಾವಿಯದೇ ಚಿಂತೆ. ನಮ್ಮ ಓಣಿಯ ಕೊನೆಗೊಂದು ಹಳೆಯ ಸೇದುಬಾವಿ ಇತ್ತು. ನಲ್ಲಿ ಬಂದ ಮೇಲೆ ಅದರ ನೀರು ಯಾರಿಗೂ ಬೇಡವಾಯಿತು, ಕಟ್ಟೆಯ ಕಲ್ಲು ಮಾತ್ರ ಎಲ್ಲರಿಗೂ ಬೇಕಾಯಿತು. ಒಂದೊಂದಾಗಿ ಎತ್ತಿಕೊಂಡು ಹೋಗಿ ಬಚ್ಚಲಿಗೆ ಹಾಸಿದರು, ಬಟ್ಟೆ ಒಗೆಯಲು ಇಟ್ಟುಕೊಂಡರು. ಬಾವಿ ನೆಲದ ಮಟ್ಟಕ್ಕೇ ಬಾಯಿ ತೆರೆದುಕೊಂಡಿತು. ‘ಯಾರ ಬಚ್ಚಲಲ್ಲಿ ಯಾವ ಕಲ್ಲಿದೆಯೆಂದು ಬಲ್ಲೆ. ಕೂಸುಗಳು ಬೀಳುವ ಮುಂಚೆ ತಂದಿಡಿ’ ಎಂದು ಶಿವಯೋಗಪ್ಪನವರು ಬರೆದರು. ಓಣಿಯವರು ಅದನ್ನು ಗಟ್ಟಿಯಾಗಿ ಓದಿಸಿ ನಕ್ಕರು. ಇವರು ಇನ್ನೂ ಖಾರವಾಗಿ ಬರೆದರು. ಅವರು ಇನ್ನೂ ಜೋರಾಗಿ ನಕ್ಕರು.

ಕಡೆಗೆ ಅವರೇ ಸಂಜೆ ಹೊತ್ತು ಬಾವಿಯ ಬಳಿ ಕಾವಲು ಕೂತರು. ಅದೇ ಎಡವಟ್ಟಾಯಿತು. ಕೆಂಡಪ್ಪನ ದರ್ಶನಕ್ಕೆಂದು ಮಕ್ಕಳೆಲ್ಲ ಅಲ್ಲಿಗೇ ಮುತ್ತಿಕೊಂಡವು. ಬಾವಿಯ ಕಡೆ ಒಂದು ಹೆಜ್ಜೆ ಇಡುವುದು, ಅವರು ಬೈದ ಕೂಡಲೇ ಕಿಲಕಿಲ ನಕ್ಕು ಇನ್ನೊಂದು ಹೆಜ್ಜೆ ಇಡುವುದು, ಇದು ಅವುಗಳ ಹೊಸ ಆಟ.

ಆ ಒಂದು ಸಂಜೆ ಈಗಲೂ ನನ್ನ ಕಣ್ಣಿಗೆ ಕನಸಿನಂತೆಯೇ ಕಟ್ಟುತ್ತದೆ. ಬೇವು ಹೂಬಿಟ್ಟ ಕಾಲ, ಗಾಳಿಯಲ್ಲೆಲ್ಲ ನವಿರಾದ ಕಹಿಗಂಪು, ಇಳಿಬಿಸಿಲಿಗೆ ಓಣಿಯ ಧೂಳೂ ಹೊಂಬಣ್ಣ. ಮನೆಮನೆಯಲ್ಲೂ ಅದೇ ಧಾರಾವಾಹಿ. ಕಿಟಕಿಕಿಟಕಿಯಿಂದ ಅದೇ ನಗೆ ಹೊರಬಂದು, ಓಣಿಯುದ್ದಕ್ಕೂ ತೇಲಿ, ಬಾವಿಗಿಳಿದು ಮಾರ್ದನಿಸುತ್ತಿತ್ತು. ಬಾವಿಯ ಪಕ್ಕದ ಮನೆಯ ನಾಗಕ್ಕನ ಮೊಮ್ಮಗಳು, ಲಂಗದ ಲಾಡಿ ಕಟ್ಟಿಕೊಳ್ಳಲೂ ಬಾರದ ಕೂಸು, ಬಾವಿಗೆ ಬೆನ್ನು ಮಾಡಿ ಅದರ ಅಂಚಿನಲ್ಲೇ ನಿಂತು, “ಕೆಂಡಪ್ಪಜ್ಜಾ, ಬೈ!” ಎಂದಿತು. ಬೈದರೆ ಅದು ನಗುತ್ತ ಹಿಂದಕ್ಕೆ ಹೆಜ್ಜೆ ಇಡುತ್ತದೆ, ಹಿಂದೆ ನೆಲವಿಲ್ಲ. ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತಿದ್ದ ನಾನು ಓಡಿದರೂ ಮುಟ್ಟುವಂತಿರಲಿಲ್ಲ.

ಶಿವಯೋಗಪ್ಪನವರು ಬೈಯಲಿಲ್ಲ. ಧೂಳಿನಲ್ಲಿ ಮೊಣಕಾಲೂರಿ, ಕೈ ಚಾಚಿ, ಆ ಊರಿನಲ್ಲಿ ಯಾರೂ ಕೇಳಿರದ ದನಿಯಲ್ಲಿ, “ಬಾರವ್ವಾ ನನ ತಾಯಿ. ನಂಗ ಕಣ್ಣು ಸರಿಯಾಗಿ ಕಾಣವಲ್ದು. ಕೈ ಹಿಡ್ಕೊಂಡು ನನ್ನ ಮನಿಗೆ ಬಿಟ್ಟು ಬಾರವ್ವಾ” ಎಂದರು. ಕೂಸು ಗಂಭೀರವಾಗಿ ನಡೆದು ಬಂದು ಅವರ ಬೆರಳು ಹಿಡಿದುಕೊಂಡಿತು.

ಅಷ್ಟರಲ್ಲಿ ನಾಗಕ್ಕ ಟಿವಿ ಬಿಟ್ಟು ಓಡಿ ಬಂದಿದ್ದಳು. “ಬೈದಿದ್ರ ನಾ ಏಳ್ತಿದ್ದಿಲ್ರಿ,” ಎಂದಳು ಕೂಸನ್ನು ಅವುಚಿಕೊಂಡು. “ಈ ಯಪ್ಪ ಮೆತ್ತಗ ಮಾತಾಡ್ಯಾನಂದ್ರ ಏನೋ ಆಗೈತಿ ಅಂತ ಎದಿ ಧಸಕ್ಕಂತು.”

ಮರುದಿನ ಬೆಳಗಾಗುವ ಹೊತ್ತಿಗೆ ಕಲ್ಲುಗಳು ತಿರುಗಿ ಬರತೊಡಗಿದ್ದವು. ಮೊದಲನೆಯದು ನಾಗಕ್ಕನ ಬಚ್ಚಲಿನದು. ಆಮೇಲೆ ಸೋಪಿಗೆ ಸವೆದು ನುಣುಪಾದವು, ಅರಿಶಿನದ ಕಲೆ ಹತ್ತಿದವು, ಒಂದರ ಹಿಂದೊಂದು ಬಂದವು; ಓಬಣ್ಣನೂ ಹೋಟೆಲಿನ ಹಿತ್ತಲಿಂದ ಒಂದನ್ನು ತಲೆ ತಗ್ಗಿಸಿಕೊಂಡೇ ಹೊತ್ತು ತಂದ. ಶಿವಯೋಗಪ್ಪನವರು ಬಗಲಲ್ಲಿ ಕೊಡೆ ಇಟ್ಟುಕೊಂಡು ನಿಂತು, “ಅಲ್ಲ, ನಾ ಕೇಳ್ತೀನಿ, ಕಲ್ಲು ಕೂಡಿಸೋದು ಹಿಂಗೇನ್ರಲೇ?” ಎಂದು ಗದರಿದರು. ಯಾರೂ ನಗಲಿಲ್ಲ. ಕಲ್ಲನ್ನು ಸರಿಯಾಗಿ ಕೂಡಿಸಿದರು.

ಧಾರಾವಾಹಿ ಮುಗಿಯಿತು, ಕೆಂಡಪ್ಪನನ್ನು ಜನ ಮರೆತರು. ಊರೂರಿಗೆ ಇಂಥ ಸಿಡುಕರು ಇರುತ್ತಾರೆ. ಮೊದಲೆಲ್ಲ ಅವರನ್ನು ಕಂಡರೆ ನಾನೂ ಬೇರೆ ಓಣಿ ಹಿಡಿಯುತ್ತಿದ್ದೆ. ಮೆತ್ತನೆಯ ದನಿ ಅವರಲ್ಲೂ ಇರುತ್ತದೆ. ಆದರೆ ಅದನ್ನು ಹೊರತೆಗೆಯಬೇಕಾದ ಹೊತ್ತು ಎಂದೂ ಬಾರದಿರಲಿ ಎಂದೇ ಅವರು ಜೀವಮಾನವಿಡೀ ಬೈಯುತ್ತಾರೆ.