ಅಜ್ಜಿಯ ತಲೆಗೆ ಅಂಟದ ಬಿಲ್ಲೆ

ಕಲೈವಾಣಿ ಎಂದು ಮೊಮ್ಮಗಳಿಗೆ ಹೆಸರಿಟ್ಟವಳು ಮುತ್ಯಾಲಮ್ಮನೇ. ಮಾತಿನ ತಾಯಿ ಸರಸ್ವತಿಯ ಹೆಸರು. ಮಗುವಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು, ಅದಕ್ಕೇ ಮಾತೂ ಬರುತ್ತಿಲ್ಲ ಎಂದು ಗೊತ್ತಾದದ್ದು ಆಮೇಲೆ. ಇಂಥ ಕುಚೋದ್ಯವನ್ನು ದೇವರೂ ಮಾಡುತ್ತಾನೆಯೇ ಎಂದು ಮುತ್ಯಾಲಮ್ಮ ಒಂದಿಡೀ ದಿನ ದೀಪ ಹಚ್ಚದೆ ಮುನಿಸಿಕೊಂಡು ಕೂತಿದ್ದಳು.

ಮುನಿಸು ಇಳಿದ ಮೇಲೆ ಮಾತಿಗೆ ತೊಡಗಿದಳು. ತಮಿಳು ಸೀಮೆಯ ಸೇಲಂ ಪೇಟೆಯ ನೇಕಾರರ ಬೀದಿಯಲ್ಲಿ ಅವಳ ಬಾಯಿ ಹೆಸರುವಾಸಿ. ರಾಟೆ ತಿರುಗಿಸಿ ನೂಲು ಸುತ್ತುತ್ತಾ, ಮಡಿಲಲ್ಲಿ ಕೂತ ಮಗುವಿಗೆ ಕಾಗೆಯ ಕಥೆ, ಸೊಸೆ ಉಪ್ಪು ಮರೆತ ಸಾರಿನ ಕಥೆ, ತೀರಿಹೋದ ಗಂಡನ ಮೂಗಿನ ತುದಿಯ ಕೋಪದ ಕಥೆ, ಎಲ್ಲ ಹೇಳುವಳು. ಮಗು ಅವಳ ತುಟಿಗಳನ್ನೇ ನೋಡುತ್ತಾ ಕೂರುವುದು.

"ಕೇಳ್ದಿರೋ ಕೂಸಿಗೆ ಯಾಕಕ್ಕಾ ಗಂಟಲು ಹರ್ಕೋತೀಯ?" ಎಂದು ಪಕ್ಕದ ಮನೆಯ ಚೆಲ್ಲಮ್ಮ ಕೇಳಿದರೆ, "ನಿಂಗೆ ಕಿವಿ ಐತಲ್ಲ, ನಾ ಹೇಳಿದ್ದ ನೀನೆಷ್ಟು ಕೇಳೀಯೆ?" ಎನ್ನುವಳು.

ಕೊನೆಗೆ ಮಗುವಿನ ಕಿವಿಗೆ ಆಪರೇಷನ್ ಆಯಿತು. ಕಿವಿಯ ಹಿಂದೆ ಚರ್ಮದಡಿ ಒಂದು ಸಣ್ಣ ಯಂತ್ರವಿಟ್ಟು, ಅದರಿಂದ ಕೂದಲೆಳೆಯಂಥ ತಂತಿಯನ್ನು ಒಳಕಿವಿಯವರೆಗೆ ಎಳೆದಿದ್ದರಂತೆ. ಗಾಯ ಮಾಗಿದ ಮೇಲೆ ಯಂತ್ರದ ಹೊರಭಾಗವನ್ನು ತೊಡಿಸುವ ದಿನ, ಮಗ ಮೋಹನ್‌ರಾಜ್ ಮತ್ತು ಸೊಸೆ ಸುಗನ್ಯಾ ಜೊತೆ ಮುತ್ಯಾಲಮ್ಮನೂ ಆಸ್ಪತ್ರೆಗೆ ಹೋದಳು. ಕೇಳುವುದನ್ನೂ ಮಾತನ್ನೂ ಮಕ್ಕಳಿಗೆ ಕಲಿಸುವ ಮಾಲಾ ಎಂಬುವಳು ಅವರೆಕಾಯಿಯಷ್ಟಿದ್ದ ಒಂದು ಸಾಧನವನ್ನು ಮಗುವಿನ ಕಿವಿಗೆ ಸಿಕ್ಕಿಸಿದಳು. ಅದರಿಂದ ಒಂದು ತಂತಿ, ತಂತಿಯ ತುದಿಗೆ ನಾಣ್ಯದಗಲದ ಬಿಲ್ಲೆ. ಬಿಲ್ಲೆಯನ್ನು ತಲೆಯ ಹತ್ತಿರ ಒಯ್ದದ್ದಷ್ಟೆ, ಅದು ತಾನೇ ಟಕ್ಕನೆ ಹೋಗಿ ಅಂಟಿತು. ಒಳಗೊಂದು ಅಯಸ್ಕಾಂತ, ಹೊರಗೊಂದು, ನಡುವೆ ಎಳೆಯ ಚರ್ಮ.

ಮಾಲಾ ಕಂಪ್ಯೂಟರಿನಲ್ಲಿ ಮೆಲ್ಲಗೆ ಶಬ್ದ ಏರಿಸಿದಳು. ಆಟದ ಬಳೆಗಳನ್ನು ಜೋಡಿಸುತ್ತಿದ್ದ ಮಗುವಿನ ಕೈ ನಿಂತಿತು. ಯಾರೂ ಮುಟ್ಟಿಲ್ಲ, ಯಾರೂ ಎದುರಿಗೆ ಬಂದಿಲ್ಲ, ಆದರೂ ಏನೋ ಬಂದಿದೆ. ಮಗು ಬಾಗಿಲು ನೋಡಿತು, ಸೂರು ನೋಡಿತು, ತಾಯಿಯ ಮುಖ ನೋಡಿತು, ಜೋರಾಗಿ ಅತ್ತಿತು. ತನ್ನ ಅಳು ತನಗೇ ಕೇಳಿ ಬೆಚ್ಚಿ ನಿಲ್ಲಿಸಿತು. ಆಮೇಲೆ ಬೇಕೆಂದೇ ಇನ್ನೊಂದು ಚೂರು ಅತ್ತು ನೋಡಿತು.

ಲೋಕದಲ್ಲಿ ಇಂಥದ್ದೂ ಉಂಟೇ! ಮುತ್ಯಾಲಮ್ಮ ಎದ್ದು ಆ ಕಂಪ್ಯೂಟರಿಗೇ ಕೈ ಮುಗಿದಳು. "ಸುಮ್ಕಿರವ್ವಾ" ಎಂದು ಮಗ ಗದರಿದರೂ ಕೈ ಇಳಿಸಲಿಲ್ಲ.

ಮಾಲಾ ತಮಿಳಿನಲ್ಲಿ ವಿವರಿಸಿದಳು. ಯಂತ್ರ ಶಬ್ದವನ್ನು ಕೊಡುತ್ತದೆ, ಅದು ಮಾತು ಎಂದು ತಿಳಿಯುವುದನ್ನು ಮಗು ಕಲಿಯಬೇಕು. ದಿನವಿಡೀ ಮಾತಾಡಿಸುತ್ತಿರಿ, ಸದ್ಯಕ್ಕೆ ಒಂದೇ ಭಾಷೆಯಲ್ಲಿ. ಮನೆಯಲ್ಲಿ ಯಾವ ಭಾಷೆ?

"ತಮಿಳ್ ತಾನ್, ಮೇಡಂ" ಎಂದುಬಿಟ್ಟ ಮೋಹನ್‌ರಾಜ್.

ಆ ಮನೆಯಲ್ಲಿ ಬೆಳಗ್ಗೆ ಒಲೆ ಹಚ್ಚುವುದರಿಂದ ಹಿಡಿದು ಸೊಳ್ಳೆಗೆ ಬಯ್ಯುವವರೆಗೆ ಎಲ್ಲವೂ ಕನ್ನಡವೇ. ಆದರೆ ಆಸ್ಪತ್ರೆ, ಆಫೀಸು, ಸ್ಕೂಲು ಎಂದರೆ ಮುಗಿಯಿತು, ಮನೆಮಾತನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಒಳಗೆ ಹೋಗುವುದು ಆ ಬೀದಿಯವರ ಅಭ್ಯಾಸ. ಅವನಾದರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹಾಗಾದರೆ ತಮಿಳಿನಲ್ಲೇ ಮಾತಾಡಿ, ಬೆರೆಸಬೇಡಿ ಎಂದಳು ಮಾಲಾ.

ಮುತ್ಯಾಲಮ್ಮನಿಗೆ ತಮಿಳು ಬಾರದೆ ಏನು? ಸಂತೆಯಲ್ಲಿ ಬೆಂಡೆಕಾಯಿಯವಳ ಜೊತೆ ಜಗಳಕ್ಕೆ ನಿಂತರೆ ಸುತ್ತಲಿನವರು ವ್ಯಾಪಾರ ನಿಲ್ಲಿಸಿ ಕೇಳುತ್ತಿದ್ದರು. ಆದರೆ ಮಗುವನ್ನು ಎತ್ತಿಕೊಂಡರೆ ನಾಲಗೆ ಅವಳ ಮಾತು ಕೇಳುತ್ತಿರಲಿಲ್ಲ. "ಕಣ್ಣು, ಇಂಗೆ ವಾ" ಎಂದು ತಮಿಳಿನಲ್ಲಿ ಕರೆಯಲು ಶುರುಮಾಡಿದ್ದು "ಬಾರೇ ನನ್ನ ಬಂಗಾರೀ" ಎಂದು ಮುಗಿಯುತ್ತಿತ್ತು.

"ಕಲಸಬ್ಯಾಡ ಅಂದವ್ರೆ ಕಣವ್ವಾ. ಕೂಸಿಗೆ ಮಾತೇ ಬರ್ದಂಗಾದ್ರೆ?" ಎಂದ ಮಗ.

ಆ ಮಾತಿಗೆ ಮುತ್ಯಾಲಮ್ಮ ಹೆದರಿಬಿಟ್ಟಳು. ತನ್ನ ಬಾಯಿಯಿಂದಲೇ ಮಗು ಮೂಗಿಯಾಗಿ ಉಳಿದರೆ? ಅಂದಿನಿಂದ ಮಗುವಿನ ಮುಂದೆ ಅವಳು ತುಟಿ ಎರಡು ಮಾಡಲಿಲ್ಲ. ಮಗುವಿಗೆ ಕಿವಿ ಕೇಳದಿದ್ದಾಗ ದಿನವಿಡೀ ಮಾತಾಡಿದವಳು, ಕಿವಿ ಕೇಳತೊಡಗಿದಾಗ ಬಾಯಿಗೆ ಬೀಗ ಹಾಕಿಕೊಂಡಳು.

ಮಗುವಿಗೋ ದಿನಕ್ಕೊಂದು ಬೆರಗು. ಅಪ್ಪನ ಮಗ್ಗದ ಸದ್ದಿಗೆ ಬಾಯಿ ತೆರೆದು ನಿಲ್ಲುವುದು, ಕುಕ್ಕರ್ ಕೂಗಿದರೆ ಓಡಿಹೋಗಿ ಅದನ್ನು ಹುಡುಕುವುದು. ನಡುನಡುವೆ ಅಜ್ಜಿಯ ಮಡಿಲಿಗೆ ಬಂದು ಅವಳ ತುಟಿಗಳನ್ನು ಬೆರಳಿನಿಂದ ಮುಟ್ಟುವುದು. ಅಜ್ಜಿ ಮುಖ ತಿರುಗಿಸುವಳು.

ಸುಗನ್ಯಾ ತವರಿಗೆಂದು ಹರೂರಿಗೆ ಹೋಗಿದ್ದ ಒಂದು ಮಧ್ಯಾಹ್ನ, ಮೋಹನ್‌ರಾಜ್ ಅಲ್ಲೇ ಒಳಗೆ ಮಗ್ಗದಲ್ಲಿದ್ದ. ಮಗು ಅಜ್ಜಿಯ ಮುಂದೆ ನಿಂತು ಬಹಳ ಹೊತ್ತು ತುಟಿ ನೋಡಿತು. ಆಮೇಲೆ ಹಿಂದೆ ಹೋಗಿ, ನರೆಗೂದಲು ಸರಿಸಿ, ಒಂದು ಕಿವಿಯ ಹಿಂದೆ ನೋಡಿತು, ಇನ್ನೊಂದರ ಹಿಂದೆಯೂ ನೋಡಿತು. ಅಲ್ಲಿ ಏನೂ ಇರಲಿಲ್ಲ.

ತನ್ನ ತಲೆಯ ಬಿಲ್ಲೆಯನ್ನು ಕಿತ್ತಿತು. ಕಿವಿಯದ್ದನ್ನೂ ತೆಗೆದು ಅಜ್ಜಿಯ ಕಿವಿಗೆ ಸಿಕ್ಕಿಸಿ, ಬಿಲ್ಲೆಯನ್ನು ಅವಳ ತಲೆಗೆ ಒತ್ತಿತು. ಬಿಲ್ಲೆ ಜಾರಿ ಬಿತ್ತು. ಮತ್ತೆ ಒತ್ತಿತು, ಮತ್ತೆ ಬಿತ್ತು. ಕೊನೆಗೆ ಅಂಗೈಯಿಂದ ಅದನ್ನು ಅದುಮಿ ಹಿಡಿದುಕೊಂಡೇ ಮುಂದಕ್ಕೆ ಬಾಗಿ, ಅಜ್ಜಿಯ ತುಟಿ ನೋಡುತ್ತಾ ಕಾದಿತು.

ಮುತ್ಯಾಲಮ್ಮನಿಗೆ ಆಗ ಅರ್ಥವಾಯಿತು. ಅಜ್ಜಿಗೆ ಕಿವಿ ಹೋಗಿದೆ, ಅದಕ್ಕೇ ಮಾತು ನಿಂತಿದೆ ಎಂದುಕೊಂಡಿದೆ ಈ ಕೂಸು. ಈಗಷ್ಟೇ ಸಿಕ್ಕ ಲೋಕದ ಸದ್ದನ್ನೆಲ್ಲ ಕಳಚಿ ಅಜ್ಜಿಗೆ ಕೊಟ್ಟು, ತಾನು ಏನೂ ಕೇಳದೆ ನಿಂತಿದೆ.

"ಅಯ್ಯೋ ನನ್ನ ಕೂಸೇ! ಕೇಳ್ತೈತೆ ಕಣೇ, ನಂಗೆ ಕೇಳ್ತೈತೆ!"

ತುಟಿ ಅಲುಗಿದ್ದನ್ನು ಕಂಡು ಮಗು ಕುಣಿಯಿತು. ಮುತ್ಯಾಲಮ್ಮ ಸಾಧನವನ್ನು ಅದರ ಕಿವಿಗೆ ಸಿಕ್ಕಿಸಿ, ಬಿಲ್ಲೆಯನ್ನು ತಲೆಗೆ ಮತ್ತೆ ಅಂಟಿಸಿ, ಕಟ್ಟಿಟ್ಟಿದ್ದ ಮಾತನ್ನೆಲ್ಲ ಬಿಚ್ಚಿದಳು. ಕಾಗೆ ಬಂತು, ಸಾರು ಬಂತು, ಗಂಡನ ಕೋಪವೂ ಬಂತು. ಮಗ್ಗದ ಸದ್ದು ಯಾವಾಗಲೋ ನಿಂತಿತ್ತು. ಎಲ್ಲವನ್ನೂ ನೋಡಿದ್ದ ಮೋಹನ್‌ರಾಜ್ ಕಣ್ಣೊರೆಸಿಕೊಂಡ.

"ಮಾತಾಡವ್ವಾ. ನಾಳೆ ನಾನೇ ಹೋಗಿ ಮೇಡಂ ತಾವ ನಿಜ ಹೇಳ್ತೀನಿ."

ಮಾರನೆಯ ದಿನ ಅವ್ವನನ್ನೂ ಕರೆದುಕೊಂಡೇ ಆಸ್ಪತ್ರೆಗೆ ಹೋದ. ನಿಜ ಕೇಳಿ ಮಾಲಾ ಹಣೆ ಚಚ್ಚಿಕೊಂಡಳು. ತಾನು ಕೇಳಿದ್ದು ಮನೆಯ ಭಾಷೆಯನ್ನು, ಸ್ಕೂಲಿನದ್ದನ್ನಲ್ಲ, ತಮಿಳು ಆಮೇಲೆ ತಾನಾಗಿ ಬರುತ್ತದೆ ಎಂದಳು. "ಪೇಸುಂಗ ಪಾಟಿ, ಉಂಗ ಭಾಷೆಲಯೇ ಪೇಸುಂಗ," ನಿಮ್ಮ ಭಾಷೆಯಲ್ಲೇ ಮಾತಾಡಿ ಅಜ್ಜಿ, ಎಂದು ಮುತ್ಯಾಲಮ್ಮನ ಕೈ ಹಿಡಿದಳು.

ಅಂದಿನಿಂದ ಮಗುವಿನದ್ದೊಂದು ನೇಮ. ಬೆಳಗ್ಗೆ ಬಿಲ್ಲೆಯನ್ನು ಮೊದಲು ಅಜ್ಜಿಯ ತಲೆಗೆ ಒತ್ತಬೇಕು, ಅಜ್ಜಿ ಏನಾದರೂ ಹೇಳಬೇಕು, ಆಮೇಲೆಯೇ ತಾನು ತೊಡುವುದು. ಅಜ್ಜಿಯನ್ನು ರಿಪೇರಿ ಮಾಡಿದವಳು ತಾನೇ ಎಂಬ ಜಂಬ.

ತಿಂಗಳುಗಳು ಕಳೆದರೂ ಮಗುವಿನ ಬಾಯಿಂದ ಇನ್ನೂ ಒಂದು ಮಾತೂ ಬಂದಿರಲಿಲ್ಲ. ಒಂದು ಬೆಳಗ್ಗೆ, ಮುತ್ಯಾಲಮ್ಮ ತುಂಡಾದ ನೂಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಮಗು ಬಂದು ಬಿಲ್ಲೆ ಒತ್ತಿತು. ಅಜ್ಜಿ ಮಾತಾಡಲಿಲ್ಲ. ತಾನೇ ತೊಟ್ಟುಕೊಂಡು ಕಾದಿತು. ಆಗಲೂ ಇಲ್ಲ. ಮಗುವಿಗೆ ಸಿಟ್ಟು ಬಂತು. ಅಜ್ಜಿಯ ಗದ್ದ ಹಿಡಿದು ತನ್ನ ಕಡೆಗೆ ತಿರುಗಿಸಿ, ಕಾಲು ನೆಲಕ್ಕೆ ಅಪ್ಪಳಿಸಿತು.

"ಅಜ್ಜೀ... ಮಾತಾಡು!"

ನೂಲು ಹಲ್ಲಿನಿಂದ ಜಾರಿ ಬಿತ್ತು. ಬೀದಿಗೆಲ್ಲ ಬಾಯಾಗಿದ್ದ ಮುತ್ಯಾಲಮ್ಮನಿಗೆ ಆಗ ಒಂದೇ ಒಂದು ಮಾತೂ ಹೊರಡಲಿಲ್ಲ.