ಕಾವು ಬೇರೆ, ಥಂಡಿ ಬೇರೆ

ನಾನು ಗೊಲ್ಲಾಳಮ್ಮ. ನನ್ನ ಬಾಯಿ ಜೋರು, ಅದನ್ನು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಿಲ್ಲ. ಆ ಬಾಯಿಯನ್ನು ಆರು ವರ್ಷ ನನ್ನ ಮೈದುನನ ಹೆಂಡತಿ ಮಾನಮ್ಮನ ಮೇಲೆ ಬಿಟ್ಟೆನಲ್ಲ, ಅದಕ್ಕೆ ನಾಚಿಕೆಯಾಗುತ್ತದೆ.

ಶಹಾಪುರದ ಕಡೆ ಕಾಲುವೆ ನೀರು ಬಂದು ಭತ್ತದ ನಾಟಿ ಶುರುವಾದ ವರ್ಷವೇ ಅವಳಿಗೆ ಕೆಮ್ಮು ಹತ್ತಿತು. ದಿನವಿಡೀ ಕೆಸರಿನಲ್ಲಿ ನಿಂತರೆ ಥಂಡಿಯಾಗದೆ ಇನ್ನೇನು ಎಂದು ಶುಂಠಿ, ಮೆಣಸಿನ ಕಷಾಯ ಕುಡಿಸಿದೆ. ಆಮೇಲೆ ಭೇದಿ, ಭೇದಿಯಲ್ಲಿ ರಕ್ತ. ಅದು ಕಾವು ಎಂದು ಮಜ್ಜಿಗೆ ಕುಡಿಸಿದೆ. ಕೆಮ್ಮು ಏರಿದರೆ ಮಜ್ಜಿಗೆಯನ್ನು ಬೈದೆ, ರಕ್ತ ಕಂಡರೆ ಕಷಾಯವನ್ನು ಬೈದೆ, ಉಳಿದದ್ದಕ್ಕೆಲ್ಲ ಅವಳನ್ನೇ ಬೈದೆ.

"ಅಕ್ಕ, ಎರಡೂ ಒಂದ ಬ್ಯಾನಿ ಇರಬೇಕು. ಹೊಟ್ಟಿ ಕೆಟ್ಟಾಗ ಕೆಮ್ಮೂ ಏರ್ತದ," ಎಂದು ಅವಳು ಮೂರು ನಾಲ್ಕು ಸಲ ಹೇಳಿದಳು.

"ಕಾವು, ಥಂಡಿ ಒಂದ ಮೈಯಾಗ ಕೂಡಿ ಇರ್ತಾವೇನ? ಸುಮ್ಮ ಕೂಡು," ಎಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಕಫ ಪರೀಕ್ಷೆ ಎಷ್ಟು ಸಲ ಮಾಡಿಸಿದರೂ ಕ್ಷಯ ಸಿಗಲಿಲ್ಲ. ಈ ವರ್ಷ ನಾಟಿ ಮಾಡುತ್ತಲೇ ಉಸಿರು ಸಿಗದೆ ಬದುವಿನ ಮೇಲೆ ಕುಸಿದಳು. ಇವಳು ಉಳಿಯುವುದಿಲ್ಲ ಎಂದು ನನ್ನ ಎದೆ ಒಡೆಯಿತು. ಆದರೂ ಬುದ್ಧಿ ಬರಲಿಲ್ಲ ನೋಡಿ. ಆಸ್ಪತ್ರೆಗೆ ಹೋಗುವಾಗ ಬಸ್ಸಿನಲ್ಲೇ ತಾಕೀತು ಮಾಡಿದೆ: "ಎದಿ ಡಾಕ್ಟರ ಮುಂದ ಎದಿ ಮಾತಷ್ಟ ಹೇಳು. ಗಂಡಸರ ಮುಂದ ಸಂಡಾಸದ ಮಾತು ತಗೀಬ್ಯಾಡ."

ಅವಳು ತೆಗೆದಳು. ನಾನು ಸೆರಗಿನ ಮರೆಯಲ್ಲಿ ಚಿವುಟಿದರೂ ನಿಲ್ಲಿಸಲಿಲ್ಲ. ಯಾವಾಗ ರಕ್ತ, ಯಾವಾಗ ಕೆಮ್ಮು, ಎಲ್ಲವನ್ನೂ ಏದುಸಿರು ಬಿಡುತ್ತ ಒಂದೊಂದಾಗಿ ಹೇಳಿದಳು. ಎಂಥ ಗಟ್ಟಿ ಹೆಣ್ಣು! ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ಕಲಬುರಗಿಗೆ ಕಳಿಸಿ, ನಳಿಕೆ ಹಾಕಿ ಕರುಳು ನೋಡಿಸಿದರು. ಕರುಳಿನ ತುಂಬ ಹುಣ್ಣು. ಆ ಬೇನೆ ಕೆಲವರಲ್ಲಿ ಶ್ವಾಸನಾಳಕ್ಕೂ ಹತ್ತುತ್ತದಂತೆ.

ಔಷಧ ಶುರುವಾಗಿ ಮೂರು ತಿಂಗಳಿಗೆ ರಕ್ತ ನಿಂತಿತು, ಕೆಮ್ಮು ಇಳಿಯಿತು. ಪೂರ್ತಿ ಹೋಗುವ ಬೇನೆಯಲ್ಲವಂತೆ, ಆದರೆ ಮಾನಮ್ಮ ಈಗ ಮಲಗಿ ನಿದ್ದೆ ಮಾಡುತ್ತಾಳೆ. ಮತ್ತೆ ತೋರಿಸಲು ಹೋದಾಗ ಡಾಕ್ಟರು ಕೇಳಿದರು: "ರಕ್ತ ಬೀಳೂದು ಹೇಳದ ಆರು ವರ್ಷ ಯಾಕವ್ವ ಸುಮ್ಮನಿದ್ದಿ? ಮನ್ಯಾಗ ಯಾರಿಗೂ ಹೇಳಿದ್ದಿಲ್ಲೇನು?"



"ಇಲ್ರಿ ಸಾಹೇಬ್ರ, ನಂದ ತಪ್ಪು," ಎಂದಳು ಮಾನಮ್ಮ. "ನಮ್ಮಕ್ಕಗ ಹೇಳಿದ್ರ ಅಕಿ ಅವತ್ತ ಕರಕೊಂಡು ಬರತಿದ್ಳು."