ಹನ್ನೊಂದು ಐವತ್ತೆರಡು

ಇದನ್ನೊಂದು ಪೂರ್ತಿ ಕೇಳಿಬಿಡಿ, ಅರ್ಧಕ್ಕೆ ಎದ್ದು ಹೋಗಬೇಡಿ. ಮಗಳು ಅಪ್ಪನ ಬಲಗಾಲಿಗೆ ಕಾಲುಚೀಲ ಏರಿಸುತ್ತಿದ್ದಳು. ಅದು ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡಿತ್ತು. ಬದುಕಿದ್ದವರ ಕಾಲಾದರೆ ತಾನೇ ಸ್ವಲ್ಪ ಬಾಗಿ ಸಹಾಯ ಮಾಡುತ್ತದೆ, ಈ ಕಾಲು ಮಾಡುತ್ತಿರಲಿಲ್ಲ. ಅಷ್ಟರಲ್ಲಿ ಇನ್ಸ್‌ಪೆಕ್ಟರು ಒಳಗೆ ಬಂದರು. ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಯಾರೂ ಹೇಳದೆ ಮೊಣಕಾಲೂರಿ ಕೂತು, ಎಡಗಾಲಿನ ಚೀಲವನ್ನು ತಾವೇ ಹಾಕಿದರು.

ನೀಟಾಗಿಯೇ ಹಾಕಿದರು. ಆ ದಿನದ ಮೊದಲ ಗೊಂದಲ ಅದು.

"ಸಾರ್, ನೀವ್ಯಾಕೆ ಇದೆಲ್ಲ..." ಎಂದು ಚಿಕ್ಕಪ್ಪ ಓಡಿಬಂದ.

"ಇರ್ಲಿ ಬಿಡಿ. ಇಪ್ಪತ್ತಾರು ವರ್ಷ ನಮ್ ಸ್ಟೇಷನ್ ಎದುರಿಗೆ ಕೂತವ್ರು. ನಮ್ಮನೆಯವ್ರೇ ಅಲ್ವಾ?"

ಸುಳ್ಳೇನಲ್ಲ. ಪೊಲೀಸ್ ಸ್ಟೇಷನ್ನಿನ ಎದುರು ಅಪ್ಪನದೊಂದು ಜೆರಾಕ್ಸ್ ಅಂಗಡಿ. ಒಂದು ಯಂತ್ರ, ಒಂದು ಸ್ಟೂಲು, ಮೇಲೊಂದು ಫ್ಯಾನು. ಸ್ಟೇಷನ್ನಿನವರಿಗೆ ಕಾಗದದ ಮೇಲೆ ಸಾಕ್ಷಿ ಬೇಕಾದಾಗಲೆಲ್ಲ ರಸ್ತೆ ದಾಟಿ ಬರುತ್ತಿದ್ದರು, ಅಪ್ಪ ಸಹಿ ಹಾಕುತ್ತಿದ್ದ. ಬೀದಿಯವರು ಅವನನ್ನು ಸಾಕ್ಷಿಯಣ್ಣ ಎಂದೇ ಕರೆಯುತ್ತಿದ್ದರು. ಅಮ್ಮನಿಗೆ ಅದೊಂದು ಬಿರುದಿನ ಹಾಗೆ.

ಹೊರಗೆ ಬಾಡಿಗೆ ಕುರ್ಚಿಗಳಲ್ಲಿ ಟೈಲರ್ ಮತ್ತು ಬೀಗ ರಿಪೇರಿಯವನು ಕೂತಿದ್ದರು.

"ಒಂದೇ ಸಾಯಂಕಾಲ ಎರಡು ಕಡೆ ನಿಂತ್ಕೊಂಡು ನೋಡ್ದ ಅಂತ ಬರ್ದಿದ್ರಂತೆ ಒಂದ್ಸಲ. ದೇವ್ರ ಕೈಲೂ ಆಗದ್ದು."

"ನಗಬೇಡ್ವೋ, ಸಾವಿನ ಮನೆ."

"ನಗ್ತಿರೋನು ನೀನು."

ಇನ್ಸ್‌ಪೆಕ್ಟರು ಮಗಳನ್ನು ಅಡುಗೆಮನೆಗೆ ಕರೆದರು. ಅವರ ಹಿಂದೆಯೇ ಸ್ಟೇಷನ್ ರೈಟರ್ ಬಂದ, ಠಾಣೆಯ ಕಾಗದಗಳನ್ನೆಲ್ಲ ಬರೆಯುವವನು. ಅವನು ತಲೆ ಎತ್ತದೆ ಪಾತ್ರೆ ತೊಳೆಯುವ ತೊಟ್ಟಿಯನ್ನೇ ನೋಡುತ್ತ ನಿಂತ.

"ಡಾಕ್ಟರ್ ಚೀಟೀಲಿ ತಾರೀಖು ಇದೆ, ಟೈಂ ಇಲ್ಲ," ಎಂದರು ಇನ್ಸ್‌ಪೆಕ್ಟರು.

"ಅವ್ರು ಬಂದಿದ್ದೇ ನಿನ್ನೆ ಸಂಜೆ ಆರಕ್ಕೆ ಸಾರ್. ಟೈಮನ್ನ ಚಿತಾಗಾರದ ಫಾರಂನಲ್ಲಿ ಮನೆಯವ್ರೇ ಬರೀಬೇಕಂತೆ."

"ಅಲ್ಲಿ ಐದು ಗಂಟೆ ಅಂತ ಬರಿಯಮ್ಮ."

"ಅಪ್ಪ ಹೋಗಿದ್ದು ಹನ್ನೊಂದು ಐವತ್ತೆರಡಕ್ಕೆ."

ಆಗ ಮನೆಯಲ್ಲಿದ್ದವಳು ಅವಳೊಬ್ಬಳೇ. ಅಮ್ಮ ತರಕಾರಿಗೆ ಹೋಗಿದ್ದಳು. ಮಗಳಿಗೆ ಬಸ್ ಡಿಪೋದಲ್ಲಿ ಟೈಂಕೀಪರ್ ಕೆಲಸ, ಯಾವ ಗಾಡಿ ಎಷ್ಟು ಹೊತ್ತಿಗೆ ಒಳಗೆ ಬಂತು, ಎಷ್ಟಕ್ಕೆ ಹೊರಟಿತು ಎಂದು ದಿನವಿಡೀ ಬರೆಯುವುದು. ಅಪ್ಪನ ಕತ್ತು ವಾಲಿದಾಗ ಅವಳು ಮೊದಲು ಕೂಗಲಿಲ್ಲ, ಗಡಿಯಾರ ನೋಡಿದಳು. ಆಮೇಲೆ ಕೂಗಿದಳು.

"ಗೊತ್ತಮ್ಮ. ಆದ್ರೆ ನಿನ್ನೆ ನಾಲ್ಕು ಗಂಟೆಗೆ ಒಬ್ಬ ಪೇಂಟರನ್ನ ಹಿಡಿದ್ವಿ. ಬ್ಯಾಗಲ್ಲಿ ಗಾಂಜಾ. ಸಾಕ್ಷಿಗೆ ನಿಮ್ಮಪ್ಪನ ಸಹಿ ಇದೆ."

"ನಾಲ್ಕು ಗಂಟೆಗಾ?"

ಇನ್ಸ್‌ಪೆಕ್ಟರು ರೈಟರ್ ಕಡೆ ತಿರುಗಿದರು.

"ಶಟರ್ ಹಾಕಿತ್ತು. ಬೇಗ ಮನೆಗೆ ಹೋಗಿದ್ದಾರೆ ಅನ್ಕೊಂಡೆ ಸಾರ್," ಎಂದ ಅವನು, ತೊಟ್ಟಿಗೆ ಹೇಳುವಂತೆ. "ಸಹಿ ಇರೋ ಹಾಳೆ ಡ್ರಾಯರಲ್ಲಿತ್ತು. ಬರ್ದು ಕೋರ್ಟಿಗೆ ಕಳಿಸ್ಬಿಟ್ಟೆ."

"ಐದು ತಾಸು ಹೆಚ್ಚು ಬದುಕಿದ್ರೆ ಯಾರಿಗಮ್ಮ ನಷ್ಟ?" ಎಂದರು ಇನ್ಸ್‌ಪೆಕ್ಟರು, ನಿಜವಾಗಿಯೂ ಕೇಳುತ್ತಿರುವವರ ಹಾಗೆ.

*

ಆ ಹಾಳೆ ಅವಳಿಗೆ ಗೊತ್ತಿತ್ತು. ಹಿಂದೊಂದು ಭಾನುವಾರ, ಅಂಗಡಿಗೆ ರಜೆ. ಊಟ ಮುಗಿಸಿ ಅಪ್ಪ ಮಂಚದ ಮೇಲೆ ಕಾಲು ಚಾಚಿದ್ದಾಗ ರೈಟರ್ ಮೂರು ಖಾಲಿ ಹಾಳೆ ಹಿಡಿದು ಬಂದಿದ್ದ.

"ಭಾನುವಾರನೂ ಬಿಡಲ್ವೇನಯ್ಯ? ಏನ್ ಕೇಸು?"

"ಕೇಸ್ ಇನ್ನೂ ಆಗಿಲ್ಲಣ್ಣ."

ಇಬ್ಬರೂ ನಕ್ಕರು. ಅವಳೂ ನಕ್ಕಳು. ಹಾಸಿಗೆ ಮೆತ್ತಗಿದೆ, ಪೆನ್ನು ತೂತು ಮಾಡುತ್ತದೆ ಎಂದು ಅಪ್ಪ ಅಂದಾಗ, ಡ್ಯೂಟಿಯ ತನ್ನ ರಟ್ಟನ್ನು ತಂದು ಹಾಳೆಯ ಅಡಿಗೆ ಹಿಡಿದವಳು ಅವಳೇ.

*

ಶವದ ವ್ಯಾನು ಗಲ್ಲಿಯೊಳಗೆ ಹಿಂದು ಹಿಂದಾಗಿ ಬರುತ್ತಿತ್ತು. ಆಗ ಒಬ್ಬ ಹೆಂಗಸು ಅವಳ ಮೊಣಕೈ ಮುಟ್ಟಿದಳು. ಅಂಗೈ ತುಂಬ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆಗಳು.

"ಅಕ್ಕಾ, ಜೆರಾಕ್ಸ್ ಅಂಗಡಿಯವ್ರ ಮನೆ ಇದೇನಾ?" ಎಂದವಳು ವ್ಯಾನು ನೋಡಿ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ, ಇವ್ರೇನಾ? ಇವ್ರ ಕಾಲು ಹಿಡ್ಕೊಳ್ಳೋಣ ಅಂತ ಬಂದೆ. ನನ್ ತಮ್ಮನ್ನ ಒಳಗೆ ಹಾಕಿದ್ದಾರೆ ಅಕ್ಕಾ. ಪೊಲೀಸ್ನೋರು ತಳ್ಳೋಗಾಡಿಯವನಿಗೆ ಹೊಡೀತಿದ್ರೆ ಇವ್ನು ಫೋನಲ್ಲಿ ವಿಡಿಯೋ ತೆಗ್ದ. ಮಾರನೇ ದಿನವೇ ಬ್ಯಾಗಲ್ಲಿ ಗಾಂಜಾ ಸಿಕ್ತಂತೆ. ಬ್ರಷ್ಷು ಬಿಟ್ರೆ ಇನ್ನೇನೂ ಇಟ್ಕೊಳ್ಳೋನಲ್ಲ ಅವ್ನು. ಇವ್ರು ನಾಲ್ಕು ಗಂಟೆಗೆ ನೋಡಿದ್ರಂತೆ."

ತಮ್ಮನ ಬಗ್ಗೆ ಎಲ್ಲ ಅಕ್ಕಂದಿರೂ ಹೀಗೇ ಹೇಳುವುದು, ಎಂದುಕೊಂಡಳು ಮಗಳು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು.

"ಯಾವಾಗ ಹೋದ್ರು ಅಕ್ಕಾ?"

"ನಿನ್ನೆ."

"ನಿನ್ನೆ ಯಾವಾಗ?"

ಮಗಳು ಬಿದ್ದಿರದ ಹೂವನ್ನು ಹೆಕ್ಕುವವಳಂತೆ ಬಗ್ಗಿದಳು.

ವ್ಯಾನಿನಲ್ಲಿ ಅಪ್ಪನ ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ಚಿಕ್ಕಪ್ಪ, ಎದುರಿಗೆ ಇನ್ಸ್‌ಪೆಕ್ಟರು ಮತ್ತು ಮಗಳು ಕೂತರು. ಬಾಗಿಲು ಮುಚ್ಚುವಾಗ ಇನ್ಸ್‌ಪೆಕ್ಟರು ಮಗಳಿಗೆ ಮೆಲ್ಲಗೆ ಅಂದರು, "ಇನ್ನೊಂದು ವಿಷ್ಯ ಯೋಚ್ನೆ ಮಾಡಮ್ಮ. ಆ ಲಾರಿ ಓನರ್ ಅಪೀಲಿಗೆ ಹೋಗಿದ್ದಾನೆ. ಅವ್ನು ಜೈಲಲ್ಲಿರೋದೇ ನಿಮ್ಮಪ್ಪನ ಒಂದು ಮಾತಿನ ಮೇಲೆ. ಈ ಕೇಸಲ್ಲಿ ನಿಮ್ಮಪ್ಪ ನೋಡ್ದೇನೆ ಸಹಿ ಹಾಕ್ತಿದ್ರು ಅಂತಾದ್ರೆ, ಅವನ ಲಾಯರು ಸುಮ್ನೆ ಬಿಡ್ತಾನಾ?"

ಅಮ್ಮ ಮುಖ ಎತ್ತಿದಳು. "ಯಾವ ಕೇಸು? ಏನ್ ಮಾತಾಡ್ತಿದ್ದೀರಿ?"

ಇನ್ಸ್‌ಪೆಕ್ಟರು ಅವಳಿಗೂ ಚಿಕ್ಕಪ್ಪನಿಗೂ ನಾಲ್ಕು ಗಂಟೆಯ ಸಹಿಯ ವಿಷಯ ಹೇಳಿದರು. ಬೆದರಿಕೆಯೋ, ಬುದ್ಧಿಮಾತೋ, ಮಗಳಿಗೆ ತಿಳಿಯಲಿಲ್ಲ. ಎರಡೂ ಇರಬಹುದು.

*

ಲಾರಿಯ ವಿಷಯ ಮಾತ್ರ ನಿಜ, ಅದಕ್ಕೆ ಅವಳೇ ಬೇಕಾದರೆ ಆಣೆಯಿಡುತ್ತಾಳೆ. ಹನ್ನೊಂದು ವರ್ಷದ ಕೆಳಗೆ ಒಂದು ಸಂಜೆ ಅಪ್ಪ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದು ಗೋಡೆಗೊರಗಿ ಕೂತಿದ್ದ. ಕೊಟ್ಟ ನೀರು ಅಂಗಿಯ ಮೇಲೆಲ್ಲ ಚೆಲ್ಲಿಕೊಂಡಿದ್ದ.

"ಕಸ ಗುಡಿಸೋ ಹೆಂಗಸು. ಒಂದ್ಸಲ ಹತ್ತಿಸ್ದ. ಹಿಂದಕ್ಕೆ ತಗೊಂಡ. ನೋಡ್ಕೊಂಡೇ ತಗೊಂಡ ಕಣೇ. ಇನ್ನೊಂದ್ಸಲ ಹತ್ತಿಸ್ದ."

ಲಾರಿ ಓನರ್ ಕಡೆಯವರು ಮನೆಗೆ ಬಂದರು, ಆಸೆ ತೋರಿಸಿದರು, ಕತ್ತಿ ತೋರಿಸಿದರು. ರಾತ್ರಿ ಹಗಲು ಬಾಗಿಲಲ್ಲಿ ಕಾವಲು ಕೂತವರು ಇದೇ ಸ್ಟೇಷನ್ನಿನವರು. ಅಪ್ಪ ಎರಡು ದಿನ ಕಟಕಟೆಯಲ್ಲಿ ನಿಂತ, ಒಂದು ಮಾತೂ ಅತ್ತಿತ್ತ ಆಗಲಿಲ್ಲ. ಆ ಒಂದು ಸಹಿ ಅವನು ಕಂಡು ಹಾಕಿದ್ದು.

*

ಚಿತಾಗಾರದ ಕಚೇರಿ ಎಂದರೆ ಒಂದು ಕಿಟಕಿ, ಒಂದು ಮೇಜು, ದಾರ ಕಟ್ಟಿದ ಪೆನ್ನು. ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ.

"ವಯಸ್ಸು?"

"ಅರವತ್ತಮೂರು."

"ಟೈಮು ನೀವೇ ತುಂಬಿ."

ಮಗಳು ಪೆನ್ನು ಹಿಡಿದಳು. ತಡವಾಗಿ ಬಂದ ಎಷ್ಟೋ ಡ್ರೈವರುಗಳ ಗೋಗರೆತಕ್ಕೆ ಕರಗಿ ಸರಿಯಾದ ಹೊತ್ತಿಗೇ ಬಂದರು ಎಂದು ಬರೆದುಕೊಟ್ಟ ಕೈ ಅದು. ಹತ್ತು ನಿಮಿಷ ಸುಳ್ಳಾದರೆ ದಯೆ, ಐದು ತಾಸು ಸುಳ್ಳಾದರೆ ಏನು? ಬೆನ್ನ ಹಿಂದೆ ಇನ್ಸ್‌ಪೆಕ್ಟರ ಬೂಟು ಒಮ್ಮೆ ಕಿರ್ರೆಂದಿತು. ಬಸ್ಸು ಹತ್ತಿ ಹಿಂದೆಯೇ ಬಂದಿದ್ದ ಇಸ್ತ್ರಿಯವಳು ಗೇಟಿನ ಹತ್ತಿರ ನಿಂತಿದ್ದಳು.

ಅವಳು 11.52 ಎಂದು ಬರೆದಳು. ಬರೆದು ಉಸಿರು ಬಿಟ್ಟಳು.

ಗುಮಾಸ್ತ ಹಾಳೆ ತಿರುಗಿಸಿ ನೋಡಿ ಮತ್ತೆ ಅವಳ ಕಡೆಗೇ ತಳ್ಳಿದ. "ಮನೇಲೇ ಹೋಗಿದ್ದಲ್ವಾ? ಕಣ್ಣಾರೆ ಕಂಡೋರು ಇಬ್ರು ಸಹಿ ಹಾಕ್ಬೇಕು."

"ಇದ್ದಿದ್ದು ನಾನೊಬ್ಳೇ."

"ಒಬ್ರೇ ಅಂದ್ರೆ ಆಗಲ್ಲಮ್ಮ. ಇನ್ನೊಬ್ರು ಇಲ್ಲಾಂದ್ರೆ ಟೈಮು ಗೊತ್ತಿಲ್ಲ ಅಂತ ಹೊಡೆದುಹಾಕ್ತೀನಿ. ಯಾರಾದ್ರೂ ಒಬ್ರು ಹಾಕಿ, ಎಲ್ರೂ ಹಾಗೇ ಮಾಡೋದು."

ಗೊತ್ತಿಲ್ಲ ಎಂದಾದರೂ ಇನ್ಸ್‌ಪೆಕ್ಟರ ನಾಲ್ಕು ಗಂಟೆಯ ಕಾಗದ ಉಳಿಯುತ್ತದೆ.

"ಚಿಕ್ಕಪ್ಪಾ?"

"ನಾನು ಬಂದಿದ್ದು ಮಧ್ಯಾಹ್ನ ಮೂರಕ್ಕೆ. ಕೋರ್ಟಲ್ಲಿ ಕೇಳಿದ್ರೆ ಏನಂತ ಹೇಳ್ಲಿ? ಅಣ್ಣನಷ್ಟು ಗುಂಡಿಗೆ ಇಲ್ಲಮ್ಮ ನಂಗೆ."

"ಅಮ್ಮಾ, ನೀನು?"

ಅಷ್ಟು ಹೊತ್ತಿಗೆ ಅಮ್ಮನಿಗೆ ಎಲ್ಲ ಅರ್ಥವಾಗಿತ್ತು. "ಅವರನ್ನ ಸುಳ್ಳುಗಾರ ಅನ್ಸೋ ಹಾಳೆಗೆ ನನ್ ಕೈಲಿ ಸಹಿ ಹಾಕಿಸ್ತೀಯಾ? ಅದೂ ಅವ್ರು ಇನ್ನೂ ಇಲ್ಲೇ ಮಲಗಿರೋವಾಗ?"

ಒಳಗಿನಿಂದ ಯಾರೋ ಕೂಗಿದರು, ಒಲೆ ಸಿದ್ಧವಾಗಿದೆ. ಗುಮಾಸ್ತ ಗೆರೆ ಹೊಡೆಯಲು ಕೆಂಪು ಪೆನ್ನಿನ ಮುಚ್ಚಳ ತೆಗೆದ.

"ತಡೀರಿ ಸ್ವಾಮಿ, ನಾನು ಹಾಕ್ತೀನಿ." ಗೇಟಿನಿಂದ ಬಂದ ಇಸ್ತ್ರಿಯವಳು ಏದುಸಿರಿನಲ್ಲಿ ಮೇಜಿನ ಅಂಚು ಹಿಡಿದಳು. "ನಾನು ನೋಡ್ದೆ. ಬಟ್ಟೆ ಕೊಡಕ್ಕೆ ಹೋಗಿದ್ದೆ ಅವ್ರ ಮನೆಗೆ. ಹೌದಲ್ವಾ ಅಕ್ಕಾ?"

ಅವಳು ಆ ಮನೆಯ ಬಾಗಿಲನ್ನು ಮೊದಲು ಕಂಡಿದ್ದೇ ಈ ಬೆಳಿಗ್ಗೆ. ಇನ್ಸ್‌ಪೆಕ್ಟರು ಮೊದಲ ಸಲ ನೇರವಾಗಿ ಮಗಳ ಕಣ್ಣನ್ನೇ ನೋಡಿದರು. ಕಾದರು. ಇಸ್ತ್ರಿಯವಳು ಸುಟ್ಟ ಕಲೆಗಳ ಅಂಗೈ ಚಾಚಿ ನಿಂತಳು. ಪೆನ್ನು ಮಗಳ ಬೆರಳ ನಡುವೆ, ಅದರ ದಾರ ಇಬ್ಬರ ನಡುವೆ ಬಿಗಿದುಕೊಂಡಿತ್ತು.

ನೀವಾಗಿದ್ದರೆ ಕೊಡುತ್ತಿದ್ದಿರಾ?